ಒಡೆತನವೋ ಒಕ್ಕಲುತನವೋ?

ಹೊಸತನ್ನು ಎದುರುನೋಡುವುದು ಮನುಷ್ಯನ ಸಹಜ ಸ್ವಭಾವ. ಹೊಸ ಮಳೆಯನ್ನು, ಹೊಸ ಬೆಳೆಯನ್ನು, ಶಾಲೆಯ ಬಾಗಿಲು ತೆರೆಯುವಾಗ ಕೈಗೆ ಬರುವ ಹೊಸ ಪಠ್ಯಪುಸ್ತಕವನ್ನು ನಾವೆಲ್ಲರೂ ಎದುರುನೋಡುತ್ತೇವೆ. ಈ ನಿರೀಕ್ಷೆಗಳಲ್ಲಿ ಒಂದು ಕ್ರಮವುಂಟು. ಹಳೆಯದು ತನ್ನ ಕೆಲಸವನ್ನು ಪೂರೈಸುತ್ತದೆ, ಆಮೇಲೆ ಹೊಸದು ಬರುತ್ತದೆ. ತೆನೆ ಕೊಯ್ದಲ್ಲದೆ ಗದ್ದೆಗೆ ಮತ್ತೆ ನೇಗಿಲು ಇಳಿಯುವುದಿಲ್ಲ. ಗಣಕಯಂತ್ರದ ಲೋಕದಲ್ಲಿ ಮಾತ್ರ ಈ ಕ್ರಮ ತಲೆಕೆಳಗಾಗಿದೆ. ಅಲ್ಲಿ ಹಳೆಯದು ಸವೆದುದರಿಂದ ಹೊಸದು ಬರುವುದಲ್ಲ. ಹೊಸದು ಬಂದಿತೆಂಬ ಕಾರಣದಿಂದಲೇ ಹಳೆಯದು ಹಳೆಯದಾಗುತ್ತದೆ.

ಯಂತ್ರಕ್ಕೂ ಅದನ್ನು ಬಳಸುವವನಿಗೂ ನಡುವೆ ನಿಂತು, ಕೀಲಿಮಣೆಯ ಒತ್ತನ್ನು ಅಕ್ಷರವಾಗಿಸಿ, ಅಕ್ಷರವನ್ನು ಕಡತದಲ್ಲಿರಿಸಿ, ಕೇಳಿದಾಗ ತೆಗೆದುಕೊಡುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ನಮ್ಮ ಊರುಗಳ ಮನೆಗಳಲ್ಲಿಯೂ ಅಂಗಡಿಗಳಲ್ಲಿಯೂ ಇರುವ ಗಣಕಗಳಲ್ಲಿ ಹೆಚ್ಚಿನವು ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ಎಂಬ ವ್ಯವಸ್ಥೆಯಿಂದ ನಡೆಯುವಂಥವು. ಅದರ ಹತ್ತನೆಯ ಆವೃತ್ತಿ ಹೊರಬಂದುದು ೨೦೧೫ನೆಯ ಇಸವಿಯ ಜುಲೈ ೨೯ರಂದು. ಇದೇ ಕೊನೆಯ ವಿಂಡೋಸ್ ಎಂಬರ್ಥದ ಮಾತನ್ನು ಅದೇ ವರ್ಷ ಆ ಸಂಸ್ಥೆಯ ಉದ್ಯೋಗಿಯೊಬ್ಬರು ಸಭೆಯಲ್ಲಿ ಆಡಿದ್ದುಂಟು. ೨೦೨೧ರ ಅಕ್ಟೋಬರ್ ೫ರಂದು ಹನ್ನೊಂದನೆಯದು ಬಂದಿತು. ೨೦೨೫ರ ಅಕ್ಟೋಬರ್ ೧೪ಕ್ಕೆ ಹತ್ತನೆಯದರ ಪೋಷಣೆಯನ್ನು ನಿಲ್ಲಿಸಲಾಯಿತು. ಮನೆಬಳಕೆಯವರಿಗೆ ಕೆಲವು ನಿಬಂಧನೆಗಳ ಮೇಲೆ ಇನ್ನೊಂದು ವರ್ಷದ ಸವಲತ್ತನ್ನು ಕೊಟ್ಟರು, ಅಷ್ಟೆ. ಹನ್ನೊಂದನೆಯದೋ ಎಲ್ಲ ಯಂತ್ರಗಳ ಮೇಲೂ ಕುಳಿತುಕೊಳ್ಳುವಂಥದಲ್ಲ. ಅದಕ್ಕೆ ಟಿ.ಪಿ.ಎಂ. ೨.೦ ಎಂಬ ರಕ್ಷಣಾಸಾಧನ ಬೇಕು; ಇಂಟೆಲ್ ಸಂಸ್ಥೆಯ ಪ್ರೊಸೆಸರುಗಳಾದರೆ ಬಹುಮಟ್ಟಿಗೆ ಎಂಟನೆಯ ಪೀಳಿಗೆಯ ಮೇಲಿನವೇ ಆಗಬೇಕು. ೨೦೧೬ರಲ್ಲಿ ಕೊಂಡ ಯಂತ್ರ ಎಷ್ಟೇ ಚೆನ್ನಾಗಿ ಓಡುತ್ತಿದ್ದರೂ ಆ ಪಂಕ್ತಿಗೆ ಅದು ಸಲ್ಲದು.

ಯಂತ್ರ ಕೆಟ್ಟಿಲ್ಲ, ಬಳಸುವವನ ಅಗತ್ಯವೂ ಬೆಳೆದಿಲ್ಲ. ಪತ್ರ ಬರೆಯುತ್ತಿದ್ದವನು ಇಂದಿಗೂ ಪತ್ರವನ್ನೇ ಬರೆಯುತ್ತಿದ್ದಾನೆ. ಹಾಗಿದ್ದರೂ "ಇನ್ನೊಂದು ಬರುತ್ತದಂತೆ, ಬಂದ ಮೇಲೆ ನೋಡಿ ತೆಗೆದುಕೊಳ್ಳೋಣ" ಎಂದು ಕಾದು ಕುಳಿತವರೂ, ಕಾಯಲಾರದೆ ಸಾಲಮಾಡಿ ಹೊಸ ಯಂತ್ರ ಕೊಂಡವರೂ ನಮ್ಮ ನಡುವೆ ಇದ್ದಾರೆ. ಕಾಯುವುದು ಜಾಣತನವೋ ಕೊಳ್ಳುವುದು ಜಾಣತನವೋ ಎಂಬುದು ವ್ಯವಹಾರದ ಪ್ರಶ್ನೆ; ಅದನ್ನು ಬೇರೆಯವರು ಚರ್ಚಿಸಲಿ. ನನ್ನನ್ನು ಕಾಡುವುದು ಅದರ ಹಿಂದಿರುವ ಧರ್ಮದ ಪ್ರಶ್ನೆ. ನಮ್ಮ ಮನೆಯ ಮೇಜಿನ ಮೇಲಿರುವ ಒಂದು ವಸ್ತು ಯಾವ ದಿನ ಮುದಿಯಾಯಿತೆಂಬುದನ್ನು ಇನ್ನೊಬ್ಬರು ನಿಶ್ಚಯಿಸುವುದಾದರೆ, ಆ ವಸ್ತುವನ್ನು ನಮ್ಮದೆಂದು ಯಾವ ಅರ್ಥದಲ್ಲಿ ಹೇಳಬೇಕು?

ಕಾಸರಗೋಡಿನ ಹಳಬರಿಗೆ ಇದನ್ನು ತಿಳಿಯಹೇಳುವುದು ಕಷ್ಟವಲ್ಲ. ಅವಿಭಕ್ತ ದಕ್ಷಿಣ ಕನ್ನಡದಲ್ಲಿ ಮೂಲಗೇಣಿ, ಚಾಲಗೇಣಿ ಎಂಬ ಎರಡು ಬಗೆಯ ಒಕ್ಕಲುತನಗಳಿದ್ದುವು. ಮೂಲಗೇಣಿಯವನದು ಶಾಶ್ವತವಾದ ಹಕ್ಕು; ಗೇಣಿಯೂ ಗೊತ್ತಾದದ್ದು. ಚಾಲಗೇಣಿಯವನಿಗೆ ವರ್ಷ ಕಳೆದರೆ ಮುಂದಿನ ಮಾತು ಧಣಿಯ ಮರ್ಜಿಗೆ ಸೇರಿದ್ದು. ಗದ್ದೆಯನ್ನು ಉತ್ತವನು, ಬಿತ್ತಿದವನು, ಅಡಕೆ ಸಸಿ ನೆಟ್ಟು ನೀರು ಹೊತ್ತವನು ಒಕ್ಕಲು. ಆದರೂ ನೆಲ ಅವನದಲ್ಲ. ಕೇರಳದಲ್ಲಿ ೧೯೭೦ರ ಜನವರಿ ೧ರಿಂದ ಭೂಸುಧಾರಣೆಯ ಕಾನೂನು ಈ ಪದ್ಧತಿಗೆ ಕೊನೆ ಹಾಡಿತು. ವಿಂಡೋಸ್ ಕೊಂಡವರು "ಒಪ್ಪಿದೆ" ಎಂದು ಒತ್ತುವ ಆ ಉದ್ದದ ಕರಾರುಪತ್ರವನ್ನು ಒಮ್ಮೆ ಓದಿ ನೋಡಬೇಕು. ಈ ತಂತ್ರಾಂಶವನ್ನು ಮಾರಿಲ್ಲ, ಬಳಸಲು ಅನುಮತಿ ಕೊಟ್ಟಿದೆ, ಅಷ್ಟೇ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ನಾವು ಖರೀದಿಚೀಟು ಎಂದುಕೊಂಡದ್ದು ಗೇಣಿಚೀಟು.

ಇಲ್ಲಿ ಸತ್ಯಕ್ಕೆ ಅಪಚಾರವಾಗಬಾರದು. ಅವಧಿ ಮುಗಿದ ವಿಂಡೋಸ್ ಮರುದಿನವೇ ನಿಂತುಹೋಗುವುದಿಲ್ಲ. ಧಣಿ ಒಕ್ಕಲನ್ನು ಎಬ್ಬಿಸುವುದಿಲ್ಲ. ಆದರೆ ಮಾಡಿಗೆ ಹೊಸ ಮುಳಿಹುಲ್ಲು ಹೊದಿಸುವುದನ್ನು ನಿಲ್ಲಿಸುತ್ತಾನೆ. ತಂತ್ರಾಂಶದಲ್ಲಿ ಕಾಲಕಾಲಕ್ಕೆ ಬಿರುಕುಗಳು ಕಾಣಿಸಿಕೊಳ್ಳುತ್ತವೆ. ಕಳ್ಳರು ಅವುಗಳ ಮೂಲಕವೇ ನುಗ್ಗುತ್ತಾರೆ. ಅವನ್ನು ಮುಚ್ಚುತ್ತ ಬರುವುದಕ್ಕೇ ಪೋಷಣೆಯೆಂದು ಹೆಸರು. ಧಣಿ ಹೊದಿಸುವುದಿಲ್ಲವೆಂದರೆ ನಾವೇ ಹೊದಿಸಿಕೊಳ್ಳೋಣವೆಂದರೋ ಅದಕ್ಕೆ ಅನುಮತಿಯಿಲ್ಲ. ತಂತ್ರಾಂಶವನ್ನು ಯಾವ ಬರಹದಿಂದ ಕಟ್ಟಿದರೋ ಆ ಸೋರ್ಸ್ ಕೋಡ್, ಎಂದರೆ ಮೂಲಬರಹ, ಬೀಗದೊಳಗಿದೆ. ಮಳೆಗಾಲದಲ್ಲಿ ಸೋರುವ ಮನೆಯಲ್ಲಿ ಕುಳಿತು, ಏಣಿಯಿದ್ದರೂ ಮಾಡು ಹತ್ತಬಾರದೆಂಬ ಕರಾರಿಗೆ ಕಟ್ಟುಬಿದ್ದವನ ಸ್ಥಿತಿ ಇದು.

ಧಣಿಯ ಪಕ್ಷವನ್ನೂ ಕೇಳಬೇಕು. ೧೯೭೬ರ ಫೆಬ್ರವರಿಯಲ್ಲಿ ಬಿಲ್ ಗೇಟ್ಸ್ ಎಂಬ ತರುಣ, ಗಣಕವನ್ನು ಹವ್ಯಾಸಕ್ಕಾಗಿ ಬಳಸುತ್ತಿದ್ದವರನ್ನು ಉದ್ದೇಶಿಸಿ ಒಂದು ಬಹಿರಂಗ ಪತ್ರವನ್ನು ಬರೆದ. ನಾವು ಕಷ್ಟಪಟ್ಟು ಬರೆದುದನ್ನು ನೀವು ಹಣ ಕೊಡದೆ ನಕಲುಮಾಡಿ ಹಂಚಿಕೊಳ್ಳುತ್ತಿದ್ದೀರಿ, ಹೀಗಾದರೆ ಒಳ್ಳೆಯ ಕೆಲಸವನ್ನು ಪುಕ್ಕಟೆಯಾಗಿ ಯಾರು ಮಾಡಿಯಾರು ಎಂಬುದು ಅದರ ಸಾರಾಂಶ. ಇದು ನ್ಯಾಯವಾದ ಪ್ರಶ್ನೆ. ದುಡಿದವನಿಗೆ ಕೂಲಿ ಸಲ್ಲಬೇಕೆಂಬುದನ್ನು ಅಧ್ಯಾಪಕರಾದ ನಾವಂತೂ ಅಲ್ಲಗಳೆಯಲಾರೆವು. ಆದುದರಿಂದ ಕಳ್ಳಪ್ರತಿಯನ್ನು ಬಳಸಿ, "ದೊಡ್ಡ ಸಂಸ್ಥೆಗೆ ಇದರಿಂದೇನು ನಷ್ಟ?" ಎಂದು ಸಮಾಧಾನ ಹೇಳಿಕೊಳ್ಳುವುದು ಸಲ್ಲದು. ಕದ್ದ ಪ್ರತಿಯಲ್ಲಿ ಸತ್ಯಹರಿಶ್ಚಂದ್ರನ ಪಾಠದ ಪ್ರಶ್ನೆಪತ್ರಿಕೆಯನ್ನು ಅಚ್ಚುಮಾಡುವುದು ನಗೆಪಾಟಲಿನ ವಿಷಯವಾದರೂ, ನಡೆಯದ ವಿಷಯವೇನೂ ಅಲ್ಲ.

ಆದರೆ ಅಧ್ಯಾಪಕನಿಗೆ ಇಲ್ಲೊಂದು ಧರ್ಮಸಂಕಟ ಒದಗುತ್ತದೆ. ತರಗತಿಯಲ್ಲಿ ತೋರಿಸಿದ್ದನ್ನು ಮನೆಯಲ್ಲಿಯೂ ಮಾಡಬೇಕೆಂದು ಮಗು ಬಯಸುತ್ತದೆ. "ಸರ್, ನನಗೂ ಒಂದು ಪ್ರತಿ ಕೊಡಿ" ಎಂದು ಕೇಳುತ್ತದೆ. ಕೊಟ್ಟರೆ ಕರಾರನ್ನು ಮುರಿದಂತಾಯಿತು. ಕೊಡದಿದ್ದರೆ ಕಲಿಸಿದುದನ್ನು ಮನೆಗೆ ಒಯ್ಯಬೇಡ ಎಂದಂತಾಯಿತು. ಕೊಟ್ಟಷ್ಟೂ ಹೆಚ್ಚುವುದು ವಿದ್ಯೆಯೆಂದು ಬಾಯಲ್ಲಿ ಹೇಳಿ, ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಬೇಕಾದ ಪ್ರಸಂಗವಿದು. ಒಳ್ಳೆಯದಾದ ಎರಡು ಕರ್ತವ್ಯಗಳು ಹೀಗೆ ಒಂದನ್ನೊಂದು ಇರಿಯುವಂತಾದಾಗ ದೋಷವಿರುವುದು ಮಗುವಿನಲ್ಲಿಯೂ ಅಲ್ಲ, ಗುರುವಿನಲ್ಲಿಯೂ ಅಲ್ಲ. ಅವರಿಬ್ಬರನ್ನು ಅಲ್ಲಿಗೆ ತಂದು ನಿಲ್ಲಿಸಿದ ಏರ್ಪಾಡಿನಲ್ಲಿ.

ಈ ಇಕ್ಕಟ್ಟನ್ನು ಮೊದಲು ನೀತಿಯ ಪ್ರಶ್ನೆಯಾಗಿ ಎತ್ತಿಕೊಂಡವರಲ್ಲಿ ಅಮೆರಿಕೆಯ ರಿಚರ್ಡ್ ಸ್ಟಾಲ್ಮನ್ ಪ್ರಮುಖರು. ಅವರು ಕೆಲಸಮಾಡುತ್ತಿದ್ದ ಎಂ.ಐ.ಟಿ. ಪ್ರಯೋಗಾಲಯಕ್ಕೆ ಝೆರಾಕ್ಸ್ ಸಂಸ್ಥೆಯ ಒಂದು ಮುದ್ರಣಯಂತ್ರ ಬಂದಿತ್ತು. ಕಾಗದ ಸಿಕ್ಕಿಕೊಂಡು ಆಗಾಗ ನಿಲ್ಲುತ್ತಿತ್ತು. ನಿಂತಾಗ ಎಲ್ಲರಿಗೂ ಸುದ್ದಿ ಮುಟ್ಟಿಸುವಂತೆ ಹಿಂದಿನ ಯಂತ್ರದ ತಂತ್ರಾಂಶವನ್ನು ಅವರು ತಿದ್ದಿದ್ದರು. ಇದರಲ್ಲಿ ತಿದ್ದೋಣವೆಂದರೆ ಮೂಲಬರಹವಿಲ್ಲ. ಅದನ್ನು ಇಟ್ಟುಕೊಂಡಿದ್ದ ಇನ್ನೊಂದು ವಿಶ್ವವಿದ್ಯಾಲಯದವರನ್ನು ಕೇಳಿದರೆ, ಯಾರಿಗೂ ಕೊಡೆನೆಂದು ಮಾತುಕೊಟ್ಟಿದ್ದೇನೆ ಎಂಬ ಉತ್ತರ ಬಂದಿತು. ೧೯೮೩ರ ಸೆಪ್ಟೆಂಬರಿನಲ್ಲಿ ಅವರು ಗ್ನೂ ಎಂಬ ಯೋಜನೆಯನ್ನು ಸಾರಿದರು. ಬೇಕಾದ ಕೆಲಸಕ್ಕೆ ಬಳಸುವ, ಒಳಗನ್ನು ಓದಿ ತಿದ್ದುವ, ಪ್ರತಿಮಾಡಿ ನೆರೆಯವನಿಗೆ ಕೊಡುವ, ತಿದ್ದಿದ ಪ್ರತಿಯನ್ನೂ ಹಂಚುವ ಸ್ವಾತಂತ್ರ್ಯಗಳು ಬಳಸುವವನಿಗೆ ಇರಬೇಕೆಂಬುದು ಅದರ ತಿರುಳು. ೧೯೯೧ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಲೀನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಲಿನಕ್ಸ್ ಎಂಬ ತಿರುಳನ್ನು ಬರೆದು, ಮುಂದಿನ ವರ್ಷ ಅದನ್ನು ಗ್ನೂ ಲೈಸೆನ್ಸಿನ ಅಡಿಯಲ್ಲೇ ಬಿಟ್ಟುಕೊಟ್ಟ. ಎರಡೂ ಕೂಡಿ ಪೂರ್ಣವಾದ ವ್ಯವಸ್ಥೆಯಾಯಿತು. ಡೆಬಿಯನ್, ಉಬುಂಟು ಮೊದಲಾದವು ಆ ಕುಲದವೇ. ಇಂಗ್ಲಿಷಿನವರಿಗೆ "ಫ್ರೀ" ಎಂಬ ಒಂದೇ ಮಾತಿನಲ್ಲಿ ಪುಕ್ಕಟೆಯೂ ಸ್ವತಂತ್ರವೂ ಸೇರಿಕೊಂಡು ದೊಡ್ಡ ಗೊಂದಲವಾಗಿದೆ. ನಮ್ಮ ಪುಣ್ಯಕ್ಕೆ ಕನ್ನಡದಲ್ಲಿ ಉಚಿತವೇ ಬೇರೆ, ಮುಕ್ತವೇ ಬೇರೆ.

ನಮ್ಮ ಮಟ್ಟಿಗೆ ಇದು ದೂರದ ಕಥೆಯೂ ಅಲ್ಲ. ೨೦೦೧ರಲ್ಲಿ ಸ್ಟಾಲ್ಮನ್ ತಿರುವನಂತಪುರಕ್ಕೆ ಬಂದು ಭಾರತದ ಸ್ವತಂತ್ರ ತಂತ್ರಾಂಶ ಪ್ರತಿಷ್ಠಾನದ ಉದ್ಘಾಟನೆಯಲ್ಲಿ ಪಾಲುಗೊಂಡಿದ್ದರು. ಕೇರಳದ ಶಾಲೆಗಳಿಗೆ ಗಣಕಶಿಕ್ಷಣವನ್ನು ತಂದ ಐ.ಟಿ. ಅಟ್ ಸ್ಕೂಲ್ ಯೋಜನೆ ಆರಂಭವಾದದ್ದೂ ಅದೇ ವರ್ಷ. ಆ ಯೋಜನೆ ಕೆಲವು ವರ್ಷಗಳಲ್ಲಿ ವಿಂಡೋಸನ್ನು ಬಿಟ್ಟು ಮುಕ್ತ ತಂತ್ರಾಂಶಕ್ಕೆ ಬದಲಾಯಿತು. ೨೦೧೭ರಲ್ಲಿ ಕೈಟ್ ಎಂಬ ಸಂಸ್ಥೆಯ ರೂಪವನ್ನು ತಳೆಯಿತು. ಉಬುಂಟುವನ್ನು ಆಧರಿಸಿ ಕೈಟ್ ಸಿದ್ಧಪಡಿಸಿದ ಗ್ನೂ ಲಿನಕ್ಸ್ ವ್ಯವಸ್ಥೆ ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳಿಗೂ ಬಂದಿದೆ. ಟಕ್ಸ್ ಪೇಂಟಿನಲ್ಲಿ ಸೂರ್ಯನಿಗೆ ಹಸಿರು ಬಣ್ಣ ಬಳಿಯುವ ಒಂದನೆಯ ತರಗತಿಯ ಮಗುವಿಗೆ ತಾನೊಂದು ದೊಡ್ಡ ವಾದದ ಒಳಗೆ ಕುಳಿತಿದ್ದೇನೆಂಬುದು ಗೊತ್ತಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇಲ್ಲ. ಆ ಮಗು ಪ್ರತಿ ಕೇಳಿದರೆ ಪೆನ್ ಡ್ರೈವಿನಲ್ಲಿ ಹಾಕಿ ಕೊಡಬಹುದು, ಸಂತೋಷದಿಂದ ಕೊಡಬಹುದು ಎಂಬುದು ಗುರುವಿಗೆ ಗೊತ್ತಿದ್ದರೆ ಸಾಕು.

ಇಷ್ಟು ಹೇಳಿದೊಡನೆ ವಿಚಾರವಂತರಾದ ವಾಚಕರು ಒಂದು ಆಕ್ಷೇಪವನ್ನು ಎತ್ತದಿರಲಾರರು. ಒಳಗನ್ನು ಓದಿ ತಿದ್ದುವ ಸ್ವಾತಂತ್ರ್ಯವೆಂದಿರಿ. ಅದನ್ನು ಓದಬಲ್ಲವರು ನಮ್ಮಲ್ಲಿ ಎಷ್ಟು ಮಂದಿ? ಕೋಟ್ಯಂತರ ಸಾಲುಗಳ ಮೂಲಬರಹವನ್ನು ನಮ್ಮ ಮುಂದೆ ಬಿಚ್ಚಿಟ್ಟರೂ ನಾವು ಮಾಡುವುದೇನು? ಓದುಬಾರದವನಿಗೆ ಗ್ರಂಥಾಲಯದ ಕೀಲಿಕೈ ಕೊಟ್ಟಂತಲ್ಲವೇ? ಈ ಆಕ್ಷೇಪ ಬಲವಾದದ್ದು. ಮುಕ್ತ ತಂತ್ರಾಂಶದ ಪ್ರಚಾರಕರು ಇದನ್ನು ಸಾಮಾನ್ಯವಾಗಿ ನಕ್ಕು ದಾಟಿಬಿಡುತ್ತಾರೆ, ಹಾಗೆ ದಾಟತಕ್ಕದ್ದಲ್ಲ.

ಗಡಿನಾಡಿನ ಕನ್ನಡಿಗರಾದ ನಾವು ನಮ್ಮದೇ ಬಾಳಿನಲ್ಲಿ ಇದಕ್ಕೆ ಉತ್ತರವನ್ನು ಹುಡುಕಬಹುದೆಂದು ನನಗೆ ತೋರುತ್ತದೆ. ೧೯೫೬ರ ನವೆಂಬರ್ ೧ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಸೌಕರ್ಯವನ್ನು ಒದಗಿಸಬೇಕೆಂಬ ೩೫೦-ಎ ವಿಧಿ ನಮ್ಮ ಸಂವಿಧಾನದೊಳಕ್ಕೆ ಬಂದುದು ಅದೇ ವರ್ಷದ ಏಳನೆಯ ತಿದ್ದುಪಡಿಯಿಂದ. ಕನ್ನಡ ಶಾಲೆಗೆ ಮಗುವನ್ನು ಕಳುಹಿಸುವ ತಾಯಂದಿರಲ್ಲಿ ಈ ವಿಧಿಯನ್ನು ಓದಿದವರೆಷ್ಟು ಮಂದಿ? ನ್ಯಾಯಾಲಯದ ಮೆಟ್ಟಿಲು ಹತ್ತಿದವರೆಷ್ಟು ಮಂದಿ? ಹಾಗೆಂದು ಅದು ಅವರಿಗೆ ವ್ಯರ್ಥವಾಯಿತೇ? ಯಾರೋ ಒಬ್ಬರು ಓದಿ, ಅರ್ಜಿ ಬರೆದು, ಅಧಿಕಾರಿಯ ಮುಂದೆ ನಿಲ್ಲಲು ಸಾಧ್ಯವಿದೆ ಎಂಬುದೇ ಓದದವರಿಗೂ ಆಸರೆ. ಸ್ವಾತಂತ್ರ್ಯವು ಎಲ್ಲರೂ ದಿನವೂ ಪ್ರಯೋಗಿಸುವ ಆಯುಧವಲ್ಲ. ಅದು ಇಲ್ಲದಾಗ ಯಾರೂ ಎಂದೂ ಏನನ್ನೂ ಮಾಡಲಾಗುವುದಿಲ್ಲ, ಇದ್ದಾಗ ಒಬ್ಬನಾದರೂ ಮಾಡಬಲ್ಲನು. ಸಣ್ಣ ಭಾಷೆಗಳ ಪಾಲಿಗೆ ಈ ಒಬ್ಬನೇ ಮುಖ್ಯ. ವ್ಯಾಪಾರಿಯು ಕೊಳ್ಳುವವರ ತಲೆ ಎಣಿಸಿ ಭಾಷೆಗೆ ಸ್ಥಾನ ಕೊಡುತ್ತಾನೆ. ವಿಂಡೋಸಿನಲ್ಲಿಯೂ ಕನ್ನಡವಿದೆ, ಇಲ್ಲವೆಂದರೆ ಸುಳ್ಳಾದೀತು. ಆದರೆ ಅದು ಕೊಟ್ಟವರು ಕೊಟ್ಟಷ್ಟು, ಕೊಟ್ಟ ಹಾಗೆ. ಅದರಲ್ಲಿ ಒಂದು ಶಬ್ದ ತಪ್ಪಿದ್ದರೆ ನಾವು ಅರ್ಜಿ ಹಾಕಬಹುದು. ಮುಕ್ತ ವ್ಯವಸ್ಥೆಯಲ್ಲಾದರೆ ತಿದ್ದಿ ಕಳುಹಿಸಬಹುದು, ಒಪ್ಪದಿದ್ದರೆ ನಮ್ಮ ಪ್ರತಿಯಲ್ಲಾದರೂ ತಿದ್ದಿಕೊಳ್ಳಬಹುದು.

ಈ ಹೋಲಿಕೆಗೂ ಮಿತಿಯುಂಟು. ಸಂವಿಧಾನವನ್ನು ಕಾಯಲು ಸರಕಾರವಿದೆ, ನ್ಯಾಯಾಲಯವಿದೆ. ಮುಕ್ತ ತಂತ್ರಾಂಶವನ್ನು ಕಾಯುವವರು ಯಾರು? ಏತಡ್ಕದ ಕಡೆಯವರು ಕಟ್ಟಗಳನ್ನು ಬಲ್ಲರು. ಮಳೆಗಾಲ ಕಳೆದ ಮೇಲೆ ತೋಡಿಗೆ ಅಡ್ಡಲಾಗಿ ಕಲ್ಲುಮಣ್ಣು ಹಾಕಿ ಊರವರು ಕೂಡಿ ಕಟ್ಟುತ್ತಾರೆ. ನಿಂತ ನೀರು ಮಣ್ಣು ಹೊತ್ತವನ ಬಾವಿಗೂ ಇಳಿಯುತ್ತದೆ, ಹೊರದವನ ಬಾವಿಗೂ ಇಳಿಯುತ್ತದೆ. ಮುಂದಿನ ಮಳೆಗೆ ಕೊಚ್ಚಿಹೋದುದನ್ನು ಮರುವರ್ಷ ಮತ್ತೆ ಕಟ್ಟಬೇಕು. ಎಲ್ಲರೂ "ಇನ್ನೊಬ್ಬ ಹೊತ್ತಾನು" ಎಂದುಕೊಂಡ ವರ್ಷ ತೋಡು ಒಣಗುತ್ತದೆ. ಮುಕ್ತ ತಂತ್ರಾಂಶದ್ದೂ ಇದೇ ಪಾಡು.

೨೦೨೪ರ ಮಾರ್ಚ್ ತಿಂಗಳಲ್ಲಿ ನಡೆದ ಒಂದು ಘಟನೆ ಇದಕ್ಕೆ ಸಾಕ್ಷಿ. ಕಡತಗಳನ್ನು ಕುಗ್ಗಿಸಿಡುವ ಎಕ್ಸ್‌ಜ಼ೆಡ್ ಎಂಬ ಸಣ್ಣ ತಂತ್ರಾಂಶವೊಂದುಂಟು. ಲಿನಕ್ಸಿನ ಬಹುತೇಕ ವ್ಯವಸ್ಥೆಗಳು ಅದನ್ನು ಅವಲಂಬಿಸಿವೆ. ವರ್ಷಗಳ ಕಾಲ ಅದನ್ನು ನೋಡಿಕೊಳ್ಳುತ್ತಿದ್ದವರು ಮುಖ್ಯವಾಗಿ ಒಬ್ಬರೇ, ಅದೂ ಸಂಬಳವಿಲ್ಲದೆ. ಅವರು ದಣಿದಿದ್ದರು. ನೆರವಾಗುವ ನೆಪದಲ್ಲಿ ಒಬ್ಬ ಅಪರಿಚಿತ ಬಂದು, ಎರಡು ವರ್ಷಕ್ಕೂ ಮಿಕ್ಕಿ ಪ್ರಾಮಾಣಿಕನಂತೆ ದುಡಿದು, ನಂಬಿಕೆ ಗಳಿಸಿ, ಕೊನೆಗೆ ಗುಟ್ಟಾದ ಹಿಂಬಾಗಿಲೊಂದನ್ನು ಅದರಲ್ಲಿ ಇಟ್ಟ. ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್ ಬೇರೇನೋ ಪರೀಕ್ಷೆ ನಡೆಸುತ್ತಿದ್ದಾಗ, ಯಂತ್ರದೊಳಕ್ಕೆ ಪ್ರವೇಶ ದೊರೆಯಲು ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದನ್ನು ಗಮನಿಸಿದರು. ಸಣ್ಣದೆಂದು ಬಿಡದೆ ಬೆನ್ನುಹತ್ತಿ ಹೋಗಿ, ಮೂಲವನ್ನು ಪತ್ತೆಹಚ್ಚಿ, ಲೋಕಕ್ಕೆಲ್ಲ ತಿಳಿಸಿದರು. ಹಿಂಬಾಗಿಲು ಎಲ್ಲೆಡೆ ಹಬ್ಬುವ ಮೊದಲೇ ಮುಚ್ಚಿತು. ಫ್ರಾಯಿಂಡರು ಮೈಕ್ರೋಸಾಫ್ಟಿನಲ್ಲಿಯೇ ಉದ್ಯೋಗಿಯಾಗಿದ್ದರು ಎಂಬುದನ್ನು, ಇದೇನೋ ದೇವಾಸುರರ ಯುದ್ಧವೆಂದು ತಿಳಿದವರಿಗಾಗಿ ಇಲ್ಲಿ ಹೇಳಿದ್ದೇನೆ.

ಈ ಕಥೆಯನ್ನು ಎರಡು ಪಕ್ಷದವರೂ ತಮ್ಮ ವಾದಕ್ಕೆ ಎಳೆದುಕೊಳ್ಳುತ್ತಾರೆ. ಬಾಗಿಲು ತೆರೆದಿಟ್ಟುದರಿಂದ ಕಳ್ಳ ಬಂದ ಎಂದು ಒಬ್ಬರು, ತೆರೆದಿಟ್ಟುದರಿಂದಲೇ ಸಿಕ್ಕಿಬಿದ್ದ ಎಂದು ಇನ್ನೊಬ್ಬರು. ನನಗೆ ಕಾಣುವುದು ಆ ದಣಿದ ಮನುಷ್ಯ. ಲಕ್ಷಾಂತರ ಯಂತ್ರಗಳು ಅವನು ಕಟ್ಟಿದ ಕಟ್ಟದ ನೀರನ್ನು ಕುಡಿಯುತ್ತಿದ್ದುವು. ಮಣ್ಣು ಹೊರಲು ಮಾತ್ರ ಯಾರೂ ಹೋಗಲಿಲ್ಲ, ಹೋದವನು ಕಳ್ಳ. ಗೇಟ್ಸನ ಪತ್ರದ ಪ್ರಶ್ನೆ ಇಲ್ಲಿ ಮರಳಿ ಬರುತ್ತದೆ. ಮುಕ್ತವಾದುದನ್ನು ಬಳಸುವವನು ಹಣದ ಸಾಲದಿಂದ ಪಾರಾಗಬಹುದು, ಋಣದಿಂದ ಪಾರಾಗಲಾರನು. ವಿಂಡೋಸಿಗೆ ಬೆಲೆ ತೆತ್ತವನು ಆ ಮಟ್ಟಿಗೆ ಋಣಮುಕ್ತ ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ಈ ಋಣದಲ್ಲಿ ಕನ್ನಡಿಗರಾದ ನಮ್ಮ ಪಾಲೆಷ್ಟು ಸಂದಿದೆ? ಮಲಯಾಳದವರು ೨೦೦೨ರಿಂದಲೇ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಎಂಬ ಕೂಟವನ್ನು ಕಟ್ಟಿಕೊಂಡು, ರಚನ, ಮೀರ ಮೊದಲಾದ ಅಕ್ಷರರೂಪಗಳನ್ನು ಮುಕ್ತವಾಗಿ ಬೆಳೆಸಿದ್ದಾರೆ. ನಮ್ಮಲ್ಲಿಯೂ ಗುಬ್ಬಿ, ನವಿಲು ಎಂಬ ಮುಕ್ತ ಅಕ್ಷರರೂಪಗಳುಂಟು, ಕೆ. ಪಿ. ರಾಯರ ವಿನ್ಯಾಸವನ್ನು ಆಧರಿಸಿದ ಕೀಲಿಮಣೆ ಲಿನಕ್ಸಿನಲ್ಲಿಯೂ ದೊರೆಯುತ್ತದೆ. ಆದರೆ ಲಿನಕ್ಸಿನ ತೆರೆಯ ಮೇಲಿನ ಕನ್ನಡ ಅನುವಾದ ಇನ್ನೂ ಅರೆಬರೆ. ಒಂದು ಪಟ್ಟಿಯಲ್ಲಿ ಕನ್ನಡ, ಅದರ ಕೆಳಗಿನದರಲ್ಲಿ ಇಂಗ್ಲಿಷು. ಇದಕ್ಕೆ ಯಾವ ಧಣಿಯನ್ನೂ ದೂರುವಂತಿಲ್ಲ.

ಪೋಷಕರ ಪ್ರಶ್ನೆಯೊಂದುಂಟು. "ಮುಂದೆ ಉದ್ಯೋಗಕ್ಕೆ ವಿಂಡೋಸೇ ಬೇಕಲ್ಲವೇ, ಮಾಷ್ಟ್ರೇ?" ೨೦೦೧ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಪೋಷಣೆ ೨೦೧೪ಕ್ಕೆ ಮುಗಿಯಿತು, ಏಳನೆಯದರದು ೨೦೨೦ಕ್ಕೆ. ನಾಲ್ಕನೆಯ ತರಗತಿಯ ಮಗು ಉದ್ಯೋಗಕ್ಕೆ ಸೇರುವಾಗ ಇಂದಿನ ಯಾವ ವ್ಯವಸ್ಥೆಯೂ ಇಂದಿನ ರೂಪದಲ್ಲಿ ಇರಲಾರದು. ಕಡತವೆಂದರೇನು, ಅದು ಎಲ್ಲಿರುತ್ತದೆ, ಹೇಳಿದುದನ್ನು ಯಂತ್ರ ಹೇಗೆ ಪಾಲಿಸುತ್ತದೆ ಎಂಬುದನ್ನು ಕಲಿತ ಮಗು ಯಾವುದನ್ನಾದರೂ ನಡೆಸೀತು. ಪ್ರಾಥಮಿಕ ಶಾಲೆ ಟೈಪಿಂಗ್ ಇನ್‌ಸ್ಟಿಟ್ಯೂಟ್ ಅಲ್ಲ.

ಮುಕ್ತ ವ್ಯವಸ್ಥೆಗಳಿಗೆ ಮುಪ್ಪಿಲ್ಲವೆಂದು ಯಾರೂ ಭ್ರಮಿಸಬಾರದು. ಉಬುಂಟುವಿನ ದೀರ್ಘಾವಧಿಯ ಆವೃತ್ತಿಗಳಿಗೂ ಸಾಮಾನ್ಯ ಪೋಷಣೆ ಐದು ವರ್ಷ ಮಾತ್ರ. ೨೦೨೫ರ ಆಗಸ್ಟಿನಲ್ಲಿ ಬಂದ ಡೆಬಿಯನ್ ೧೩ ಹಳೆಯ ೩೨ ಬಿಟ್ ಯಂತ್ರಗಳಿಗೆ ಹೊಸದಾಗಿ ಸ್ಥಾಪಿಸುವ ಏರ್ಪಾಡನ್ನು ಕೈಬಿಟ್ಟಿತು. ಒಬ್ಬರು ಕೈಬಿಟ್ಟುದನ್ನು ಇನ್ನೊಬ್ಬರು ಎತ್ತಿಕೊಳ್ಳಬಹುದು, ಎತ್ತಿಕೊಂಡರೆ ತಡೆಯುವವರಿಲ್ಲ ಎಂಬಷ್ಟೇ ವ್ಯತ್ಯಾಸ. ಲೆಕ್ಕಪತ್ರಕ್ಕೂ ಅಚ್ಚಿನ ಕೆಲಸಕ್ಕೂ ವಿಂಡೋಸನ್ನೇ ಬೇಡುವ ತಂತ್ರಾಂಶಗಳು ಹಲವಿವೆ. ಅವನ್ನು ನಂಬಿ ಹೊಟ್ಟೆಹೊರೆಯುವವನು ಬೆಲೆ ಕೊಟ್ಟು ವಿಂಡೋಸನ್ನೇ ಇಟ್ಟುಕೊಳ್ಳಲಿ, ಅದರಲ್ಲಿ ಕೀಳರಿಮೆ ಬೇಡ. ಉಳಿದವರು ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಮೊದಲು ಉಬುಂಟುವನ್ನು ಪೆನ್ ಡ್ರೈವಿನಿಂದಲೇ ನಡೆಸಿ ನೋಡಬಹುದು. ಹಾಗೆ ನೋಡುವುದಕ್ಕೆ ಒಳಗಿರುವ ವಿಂಡೋಸನ್ನು ಅಳಿಸಬೇಕಾಗಿಲ್ಲ.

ಹಾಗೆ ನೋಡುವಾಗ ಹಳೆಯ ಕನ್ನಡ ಕಡತಗಳನ್ನೂ ತೆರೆದು ನೋಡಬೇಕು. ಯೂನಿಕೋಡಿನಲ್ಲಿ ಕನ್ನಡಕ್ಕೆ ೧೯೯೧ರ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ದೊರೆತಿದ್ದರೂ, ಬಹುಕಾಲ ನಾವು ಬರೆದದ್ದು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ ನುಡಿ, ಬರಹಗಳ ಹಳೆಯ ಪದ್ಧತಿಯಲ್ಲಿ. ಆ ಅಕ್ಷರರೂಪವಿಲ್ಲದ ಯಂತ್ರದಲ್ಲಿ ಅಂಥ ಕಡತವನ್ನು ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ನಮ್ಮ ಶಾಲೆಗಳ ವಾರ್ಷಿಕ ಸಂಚಿಕೆಗಳು, ಸಂಘಗಳ ವರದಿಗಳು, ಮಕ್ಕಳಿಂದ ಸಂಗ್ರಹಿಸಿದ ಗಾದೆಗಳು ಎಷ್ಟೋ ಯಂತ್ರಗಳಲ್ಲಿ ಈ ರೂಪದಲ್ಲೇ ಉಳಿದಿರಬೇಕು. ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳಿವೆ. ಆದರೆ ಪರಿವರ್ತನೆಯಲ್ಲಿ ಒತ್ತಕ್ಷರಗಳೂ ಅರ್ಕಾವತ್ತೂ ಅಲ್ಲಲ್ಲಿ ಜಾರುತ್ತವೆ, ಮನುಷ್ಯನ ಕಣ್ಣು ಬೇಕೇ ಬೇಕು. ಏಳನೆಯ ತರಗತಿಯ ಇಬ್ಬರು ಮಕ್ಕಳು ಒಬ್ಬ ಅಧ್ಯಾಪಕರೊಡನೆ ಶನಿವಾರಗಳಲ್ಲಿ ಕುಳಿತರೆ ಒಂದು ವರ್ಷದ ಸಂಚಿಕೆಯನ್ನು ಒಂದು ತಿಂಗಳಲ್ಲಿ ತಿದ್ದಿ ಮುಗಿಸಬಹುದು. ಹಳೆಯ ಯಂತ್ರ ಇನ್ನೂ ನಡೆಯುತ್ತಿರುವಾಗಲೇ ಅದನ್ನು ಮಾಡಬೇಕಾಗಿದೆ.